ಎರಡನೇ ಕ್ಯಾಮೆರಾ ಬಾಡಿಯನ್ನು ಬದಲಿಸುವ ಮುನ್ನ: ಸೋನಿ ಎ6000, ಎ6400, ಎ6700 ಮತ್ತು ಎ7ಸಿ ಮಾರ್ಕ್ 2

ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ನಡೆಯುವ ರಾತ್ರಿ, ಛಾಯಾಗ್ರಾಹಕನಿಗೆ ಎರಡು ಕಡೆ ಕೆಲಸವಿರುತ್ತದೆ. ಒಂದು ಬೆಳಕು ಚೆಲ್ಲಿದ ರಂಗಸ್ಥಳ. ಅಲ್ಲಿ ವೇಷಗಳು ನಮ್ಮಿಂದ ಹತ್ತು ಹದಿನೈದು ಮೀಟರ್ ದೂರದಲ್ಲಿರುತ್ತವೆ, ಒಂದು ಕ್ಷಣವೂ ನಿಲ್ಲುವುದಿಲ್ಲ. ಇನ್ನೊಂದು ಅದರ ಹಿಂದಿನ ಚೌಕಿ. ಅಲ್ಲಿ ಕಲಾವಿದರು ಸಾಲಾಗಿ ನೆಲದ ಮೇಲೆ ಕುಳಿತು, ಎಡಗೈಯಲ್ಲಿ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ, ನಾವು ಅವರಿಂದ ಎರಡಡಿ ಆಚೆ ಮೊಣಕಾಲೂರಿ ಕೂತಿರುತ್ತೇವೆ. ಮೊದಲನೆಯದಕ್ಕೆ 70-180 ಮಿ.ಮೀ. ಲೆನ್ಸ್ ಬೇಕು, ಎರಡನೆಯದಕ್ಕೆ 35 ಅಥವಾ 40 ಮಿ.ಮೀ. ಲೆನ್ಸ್ ಸಾಕು. ಒಂದೇ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇದ್ದ ಕಾಲದಲ್ಲಿ ನಾನು ಚೌಕಿಯೊಳಗೇ ಲೆನ್ಸ್ ಬದಲಿಸುತ್ತಿದ್ದೆ. ಬಣ್ಣ ಗಟ್ಟಿಯಾಗಲೆಂದು ಮುಖಕ್ಕೆ ತಟ್ಟುವ ಪುಡಿ ಅಲ್ಲಿನ ಗಾಳಿಯಲ್ಲಿ ಸದಾ ತೇಲುತ್ತಿರುತ್ತದೆ ಎಂಬುದು ತಲೆಗೆ ಹೊಳೆದಿರಲಿಲ್ಲ. ಮರುದಿನ ಬೆಳಗ್ಗೆ ದೇವಸ್ಥಾನದ ಗೋಪುರವನ್ನು ಎಫ್ 11ರಲ್ಲಿ, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು ಕಿರಿದಾಗಿಸಿ, ತೆಗೆದಾಗ ನೀಲಿ ಆಕಾಶದ ತುಂಬ ಬೂದು ಚುಕ್ಕೆಗಳು ಕಂಡವು. ಸೆನ್ಸರ್ ಶುಚಿ ಮಾಡಿಸಲು ಒಂದು ವಾರ ಕ್ಯಾಮೆರಾ ಇಲ್ಲದೆ ಕಳೆಯಬೇಕಾಯಿತು.

ಆಮೇಲೆ ನಾನು ಎರಡು ಬಾಡಿಗಳಿಲ್ಲದೆ ಆಟಕ್ಕೆ ಹೋಗಿಲ್ಲ. ಮುಖ್ಯ ಬಾಡಿ 2018ರಲ್ಲಿ ಬಿಡುಗಡೆಯಾದ ಸೋನಿ ಎ7 ಮಾರ್ಕ್ 3. ಅದರ ಜೊತೆಗೆ ಬಹಳ ಕಾಲ ಇದ್ದದ್ದು 2014ರಲ್ಲಿ ಬಂದ ಎ6000 ಎಂಬ ಪುಟ್ಟ ಮಿರರ್‌ಲೆಸ್. ಈ ಎರಡನೆಯದನ್ನು ಬದಲಿಸಬೇಕೇ, ಬದಲಿಸುವುದಾದರೆ ಯಾವುದಕ್ಕೆ ಎಂಬ ಪ್ರಶ್ನೆಯನ್ನು ಎರಡು ತಿರುಗಾಟಗಳ (ಮೇಳಗಳ ವಾರ್ಷಿಕ ಆಟದ ಋತು) ಕಾಲ ತಲೆಯಲ್ಲಿಟ್ಟುಕೊಂಡು ಓಡಾಡಿ, ಸ್ನೇಹಿತರ ಕ್ಯಾಮೆರಾಗಳನ್ನು ಒಂದೊಂದು ರಾತ್ರಿ ಕೇಳಿ ಪಡೆದು, ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಆ ಲೆಕ್ಕಾಚಾರವನ್ನು ಇಲ್ಲಿ ಬಿಡಿಸಿಟ್ಟಿದ್ದೇನೆ. ಮದುವೆ, ನಾಟಕ, ಸಂಗೀತ ಕಛೇರಿ ತೆಗೆಯುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಮೊದಲು ಅದರ ಕೆಲಸವೇನೆಂದು ಗೊತ್ತುಮಾಡಿಕೊಳ್ಳಿ

ಎರಡನೇ ಬಾಡಿ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ. ಇನ್ನೊಂದು ಲೆನ್ಸನ್ನು ಸದಾ ಸಿದ್ಧವಾಗಿ ಹೆಗಲಲ್ಲಿ ಇರಿಸಿಕೊಳ್ಳುವುದು ಒಂದು ಕೆಲಸ. ಮುಖ್ಯ ಬಾಡಿ ನಡುರಾತ್ರಿ ಕೈಕೊಟ್ಟರೆ ಉಳಿದ ಆಟವನ್ನು ಪೂರೈಸಿಕೊಡುವುದು ಇನ್ನೊಂದು. ಕೆಲಸವಿಲ್ಲದ ದಿನ ಮನೆಯವರೊಂದಿಗೆ ಹೊರಟಾಗ ಚೀಲದ ಮೂಲೆಯಲ್ಲಿ ಹಿಡಿಯುವುದು ಮೂರನೆಯದು. ಇವು ಮೂರೂ ಒಂದೇ ಕ್ಯಾಮೆರಾವನ್ನು ಬೇಡುವುದಿಲ್ಲ. ಮೊದಲನೆಯದಕ್ಕೆ ಹಳೆಯ ಬಾಡಿಯೂ ನಡೆಯುತ್ತದೆ, ಯಾಕೆಂದರೆ ಅಲ್ಲಿ ಮುಖ್ಯವಾಗುವುದು ಲೆನ್ಸ್. ಎರಡನೆಯದಕ್ಕೆ ಫೋಕಸ್, ಬ್ಯಾಟರಿ, ಕಾರ್ಡ್ ಎಲ್ಲದರಲ್ಲೂ ಮುಖ್ಯ ಬಾಡಿಗೆ ಸರಿಸಾಟಿಯಾಗಿ ನಿಲ್ಲಬಲ್ಲದ್ದು ಬೇಕು. ಮೂರನೆಯದಕ್ಕೆ ತೂಕವೊಂದೇ ಮಾನದಂಡ.

ಹಣ ಪಡೆದು ಚಿತ್ರ ತೆಗೆಯುವವರು ಎರಡನೆಯ ಕೆಲಸವನ್ನು ಕಡೆಗಣಿಸುವಂತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹವ್ಯಾಸಕ್ಕಾಗಿ ತೆಗೆಯುವವರಿಗೆ ಮೊದಲ ಮತ್ತು ಮೂರನೆಯ ಕೆಲಸಗಳಷ್ಟೇ ಇದ್ದರೆ, ಇರುವ ಹಳೆಯ ಬಾಡಿಯನ್ನು ಬದಲಿಸುವ ಅಗತ್ಯ ಹತ್ತರಲ್ಲಿ ಎಂಟು ಮಂದಿಗೆ ಇರಲಾರದು.

ಎ6000: ಇನ್ನೂ ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ

ಬ್ಯಾಟರಿ ಮತ್ತು ಕಾರ್ಡ್ ಸೇರಿ 344 ಗ್ರಾಂ ತೂಗುವ ಈ ಬಾಡಿಯಲ್ಲಿ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (35 ಮಿ.ಮೀ. ಫಿಲ್ಮಿನ ಅಳತೆಯ ‘ಪೂರ್ಣ ಚೌಕಟ್ಟಿ’ಗಿಂತ ಚಿಕ್ಕದಾದ) ಸೆನ್ಸರ್ ಇದೆ, ಸೆಕೆಂಡಿಗೆ 11 ಚಿತ್ರಗಳ ವೇಗವಿದೆ. ಹಗಲಿನಲ್ಲಿ, ಅಥವಾ ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮವೆಂಬ ಅಂಕಿ) 1600ರ ಒಳಗೆ, ಇದರ ಚಿತ್ರವನ್ನೂ ಹೊಸ ಬಾಡಿಯ ಚಿತ್ರವನ್ನೂ ಒಂದೇ ಅಳತೆಯಲ್ಲಿ ಮುದ್ರಿಸಿಟ್ಟರೆ ಬೇರ್ಪಡಿಸಿ ಹೇಳುವುದು ಕಷ್ಟ. ಐಎಸ್‌ಒ 3200ರವರೆಗೂ ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಚಿತ್ರ) ಜಾಗ್ರತೆಯಿಂದ ಸಂಸ್ಕರಿಸಿದರೆ ಕೆಲಸ ಸಾಗುತ್ತದೆ. ಅದರಾಚೆಗೆ ಕಪ್ಪು ಹಿನ್ನೆಲೆಯಲ್ಲಿ ಬಣ್ಣದ ಕಾಳುಗಳು ಎದ್ದು ಕಾಣತೊಡಗುತ್ತವೆ. ಬಯಲಾಟದ ಚಿತ್ರದಲ್ಲಿ ಅರ್ಧಭಾಗ ಕಪ್ಪು ಹಿನ್ನೆಲೆಯೇ ಆಗಿರುವುದರಿಂದ ಇದು ಸಣ್ಣ ಸಂಗತಿಯಲ್ಲ.

ನನಗೆ ನಿಜವಾಗಿ ತೊಡಕಾದದ್ದು ಚಿತ್ರದ ಗುಣಮಟ್ಟಕ್ಕಿಂತ ಹೆಚ್ಚಾಗಿ ಬೇರೆ ವಿಷಯಗಳು. ಇದರಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಲ್ಲ. ಚೆಂಡೆಯ ಅಬ್ಬರದ ನಡುವೆ ಶಟರಿನ ಸದ್ದು ಯಾರಿಗೂ ಕೇಳಿಸುವುದಿಲ್ಲ, ಆದರೆ ವೇಷ ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ದನಿ ತಗ್ಗಿಸಿ ಒಂದು ಕರುಣದ ಮಾತನ್ನು ಕಟ್ಟುತ್ತಿರುವಾಗ ಆ 'ಟಕ್' ಶಬ್ದ ಇಡೀ ಸಭೆಗೆ ಕೇಳಿಸುತ್ತದೆ. ಕಣ್ಣನ್ನು ಗುರುತಿಸಿ ಫೋಕಸ್ ಮಾಡುವ ಸೌಲಭ್ಯವಿದ್ದರೂ ಅದಕ್ಕೊಂದು ಬಟನ್ ಒತ್ತಿ ಹಿಡಿಯಬೇಕು, ಅದೂ ಸಿಂಗಲ್ ಫೋಕಸ್‌ನಲ್ಲಿ ಮಾತ್ರ. ಸ್ಕ್ರೀನ್ ಮುಟ್ಟಿ ಫೋಕಸ್ ಬಿಂದು ಆರಿಸುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇದರ ಬ್ಯಾಟರಿ ಬೇರೆ.

ಈ ಬ್ಯಾಟರಿಯ ವಿಷಯವನ್ನು ಅಂಗಡಿಯಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಎ6000 ಬಳಸುವುದು 1020 ಎಂಎಎಚ್‌ನ ಎಫ್‌ಡಬ್ಲ್ಯು50. ಎ7 ಮಾರ್ಕ್ 3 ಬಳಸುವುದು 2280 ಎಂಎಎಚ್‌ನ ಎಫ್‌ಝಡ್100. ರಾತ್ರಿಯಿಡೀ ನಡೆಯುವ ಆಟಕ್ಕೆ ಹೊರಟರೆ ಎರಡು ಬಗೆಯ ಬ್ಯಾಟರಿ, ಎರಡು ಬಗೆಯ ಚಾರ್ಜರ್ ಕಟ್ಟಿಕೊಳ್ಳಬೇಕು, ಮತ್ತು ಒಂದರಲ್ಲಿ ಮಿಕ್ಕಿದ್ದು ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ನಸುಕಿನ ನಾಲ್ಕು ಗಂಟೆಗೆ, ಬಣ್ಣದ ವೇಷ (ರಾಕ್ಷಸ ಪಾತ್ರ) ರಂಗಕ್ಕೆ ಬರುವ ಹೊತ್ತಿಗೆ, ಚೀಲದಲ್ಲಿ ತುಂಬಿದ ಬ್ಯಾಟರಿಯೊಂದು ಇದ್ದೂ ಅದು ಕೈಯಲ್ಲಿರುವ ಕ್ಯಾಮೆರಾಕ್ಕೆ ಹೊಂದದೆ ಹೋದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಬಾಡಿಗಿಂತ ಮೊದಲು ಲೆನ್ಸ್

ಹೀಗಿದ್ದರೂ ನಾನು ಮೊದಲು ಕೊಂಡದ್ದು ಹೊಸ ಬಾಡಿಯನ್ನಲ್ಲ. ಎ6000 ಜೊತೆಗೆ ಬರುವ 16-50 ಮಿ.ಮೀ. ಕಿಟ್ ಲೆನ್ಸ್ 116 ಗ್ರಾಂ ಮಾತ್ರ ತೂಗುವ ಜಾಣ ವಸ್ತು, ಆದರೆ ಅದರ ಅಪರ್ಚರ್ (ಬೆಳಕಿನ ಕಿಂಡಿ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) 3.5ರಿಂದ 5.6. ಚೌಕಿಯ ಬೆಳಕಿಗೆ ಅದು ಸಾಲದು. ಅದರ ಜಾಗಕ್ಕೆ ಸಿಗ್ಮಾದ 30 ಮಿ.ಮೀ. ಎಫ್ 1.4 ಲೆನ್ಸ್ ಹಾಕಿದೆ. 3.5ರಿಂದ 1.4ಕ್ಕೆ ಇಳಿದಾಗ ಒಳಬರುವ ಬೆಳಕು ಆರು ಪಟ್ಟಿಗಿಂತ ಹೆಚ್ಚಾಗುತ್ತದೆ. ಅಂದರೆ ಮೊದಲು ಐಎಸ್‌ಒ 10000 ಬೇಡುತ್ತಿದ್ದ ಚಿತ್ರ ಈಗ 1600ರಲ್ಲಿ ಸಿಗುತ್ತದೆ. ಯಾವ ಹೊಸ ಬಾಡಿಯ ಸೆನ್ಸರೂ ಹಳೆಯದಕ್ಕಿಂತ ಇಷ್ಟೊಂದು ಮುಂದೆ ಹೋಗಿಲ್ಲ. ಆ ಒಂದು ಲೆನ್ಸ್‌ನಿಂದ ಹಳೆಯ ಬಾಡಿ ಇನ್ನೊಂದು ಇಡೀ ತಿರುಗಾಟಕ್ಕೆ ಬಂತು.

ನಿಮ್ಮ ಎರಡನೇ ಬಾಡಿಯ ಮೇಲೆ ಇನ್ನೂ ಕಿಟ್ ಲೆನ್ಸೇ ಇದ್ದರೆ, ಈ ಬರಹದ ಮುಂದಿನ ಭಾಗವನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ. ಒಂದೇ ಫೋಕಲ್ ಲೆಂಗ್ತ್ ಸಾಲದು ಎನ್ನುವವರಿಗೆ ಸಿಗ್ಮಾದ 18-50 ಮಿ.ಮೀ. ಎಫ್ 2.8 ಇದೆ, 290 ಗ್ರಾಂ ತೂಗುವ ಈ ಜೂಮ್, ಪೂರ್ಣ ಚೌಕಟ್ಟಿನ 27-75ಕ್ಕೆ ಸಮನಾದ ನೋಟ ಕೊಡುತ್ತದೆ. ಮದುವೆಮನೆಗೆ ನಾನು ಇದನ್ನೇ ಸೂಚಿಸುತ್ತೇನೆ. ಈ ಲೆನ್ಸ್‌ಗಳು ಮುಂದೆ ಎಪಿಎಸ್-ಸಿ ಬಾಡಿಯನ್ನು ಬದಲಿಸಿದಾಗಲೂ ಜೊತೆಗೇ ಬರುತ್ತವೆ ಎಂಬುದು ಇನ್ನೊಂದು ಅನುಕೂಲ.

ಮೂರು ಆಯ್ಕೆಗಳು

ಸೋನಿಯ ಇ ಮೌಂಟ್‌ನಲ್ಲೇ (ಲೆನ್ಸ್ ಜೋಡಿಸುವ ಬಾಯಿ) ಉಳಿಯುವವನಿಗೆ ಎದುರಿಗಿರುವ ಮುಖ್ಯ ಆಯ್ಕೆಗಳು ಮೂರು: 2019ರ ಎ6400, 2023ರ ಎ6700, ಅದೇ ವರ್ಷದ ಎ7ಸಿ ಮಾರ್ಕ್ 2. ಮೊದಲೆರಡು ಎಪಿಎಸ್-ಸಿ, ಕೊನೆಯದು ಪೂರ್ಣ ಚೌಕಟ್ಟಿನ ಸೆನ್ಸರ್. ಅಮೆರಿಕದಲ್ಲಿ ಬಿಡುಗಡೆಯಾದಾಗ ಇವುಗಳ ಬಾಡಿಯ ಬೆಲೆ ಕ್ರಮವಾಗಿ ಸುಮಾರು 900, 1400 ಮತ್ತು 2200 ಡಾಲರ್ ಇತ್ತು. ನಮ್ಮಲ್ಲಿನ ರೂಪಾಯಿ ಬೆಲೆ ಹಬ್ಬದ ರಿಯಾಯಿತಿ, ಕ್ಯಾಶ್‌ಬ್ಯಾಕ್ ಎಂದು ತಿಂಗಳು ತಿಂಗಳೂ ಏರಿಳಿಯುತ್ತದೆಯಾದರೂ, ಮೂರರ ನಡುವಿನ ಅಂತರವನ್ನು ತಿಳಿಯಲು ಈ ಅಂಕಿಗಳು ಸಾಕು.

ಎ6400 ಕುರಿತು ಹೇಳಬೇಕಾದ್ದು ಕಡಿಮೆ. ಫೋಕಸ್‌ನಲ್ಲಿ ಅದು ಎ6000ಕ್ಕಿಂತ ಬಹಳ ಮುಂದೆ ಹೋಗಿದೆ: ಕಣ್ಣನ್ನು ತಾನಾಗಿಯೇ ಹುಡುಕಿ ಬೆನ್ನು ಹತ್ತುತ್ತದೆ, ಸದ್ದಿಲ್ಲದ ಶಟರ್ ಇದೆ, ಮುಟ್ಟುವ ಸ್ಕ್ರೀನ್ ಇದೆ, ತೂಕ 403 ಗ್ರಾಂ. ಆದರೆ ಬಾಡಿಯೊಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲ, ಬ್ಯಾಟರಿ ಅದೇ ಹಳೆಯ ಎಫ್‌ಡಬ್ಲ್ಯು50, ಚಾರ್ಜಿಂಗ್ ಕಿಂಡಿ ಅದೇ ಹಳೆಯ ಮೈಕ್ರೋ ಯುಎಸ್‌ಬಿ. ಮುಖ್ಯ ಬಾಡಿ ಎ7 ಸರಣಿಯದಾಗಿದ್ದರೆ ಇದನ್ನು ಹೊಸದಾಗಿ ಕೊಳ್ಳುವುದನ್ನು ನಾನು ಒಪ್ಪಲಾರೆ. ಒಂದು ಸಂದರ್ಭದಲ್ಲಿ ಮಾತ್ರ ಇದು ಸರಿಯಾದ ಆಯ್ಕೆಯಾಗುತ್ತದೆ. ಇಡೀ ಪ್ರಸಂಗವನ್ನು ಸ್ಟ್ಯಾಂಡಿನ ಮೇಲಿಟ್ಟು ವಿಡಿಯೊ ಮಾಡಲು ಬೇಕಾದವರಿಗೆ, ಹಳೆಯ ಬಾಡಿಗಳಲ್ಲಿದ್ದ 29 ನಿಮಿಷದ ಮಿತಿ ಇದರಲ್ಲಿಲ್ಲ. ಪವರ್ ಬ್ಯಾಂಕ್ ಜೋಡಿಸಿಟ್ಟರೆ ಕಾರ್ಡ್ ತುಂಬುವವರೆಗೆ ಓಡುತ್ತದೆ. ಬಿಸಿಯೇರಿ ನಿಲ್ಲದಂತೆ ಮೆನುವಿನಲ್ಲಿ ಉಷ್ಣತೆಯ ಮಿತಿಯನ್ನು ಮೇಲಿನ ಮಟ್ಟಕ್ಕೆ ಇಟ್ಟುಕೊಳ್ಳಬೇಕು.

ನಿಜವಾದ ಹೋಲಿಕೆ ಇರುವುದು ಉಳಿದ ಎರಡರ ನಡುವೆ. ಮೊದಲ ನೋಟಕ್ಕೆ ಇವು ಅವಳಿಗಳಂತಿವೆ. ಎ6700ರ ತೂಕ 493 ಗ್ರಾಂ, ಎ7ಸಿ ಮಾರ್ಕ್ 2ರದು 514. ಅಗಲ ಎತ್ತರಗಳಲ್ಲಿ ಎರಡೆರಡು ಮಿ.ಮೀ. ವ್ಯತ್ಯಾಸ. ಎರಡಕ್ಕೂ ಎಫ್‌ಝಡ್100 ಬ್ಯಾಟರಿ, ಎರಡರಲ್ಲೂ ಯುಎಸ್‌ಬಿ ಸಿ, ನಡುಕ ತಡೆ, ಮನುಷ್ಯ ಪ್ರಾಣಿ ಪಕ್ಷಿಗಳನ್ನು ಗುರುತಿಸುವ ಹೊಸ ತಲೆಮಾರಿನ ಫೋಕಸ್. ಎರಡಕ್ಕೂ ಕಾರ್ಡ್ ಕಿಂಡಿ ಒಂದೇ. ಎ7 ಮಾರ್ಕ್ 3ರಲ್ಲಿ ಎರಡಿವೆ ಎಂಬುದನ್ನು ಮದುವೆ ತೆಗೆಯುವವರು ನೆನಪಿಡಬೇಕು. ಪೂರ್ಣ ಚೌಕಟ್ಟಿನ ಸೆನ್ಸರ್ ಇಷ್ಟೇ ಗಾತ್ರದಲ್ಲಿ ಸಿಗುವಾಗ ಚಿಕ್ಕ ಸೆನ್ಸರ್ ಯಾಕೆ ಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ, ನನಗೂ ಅನ್ನಿಸಿತ್ತು.

ಲೆನ್ಸ್ ಸೇರಿಸಿ ತೂಗಿದಾಗ

ಉತ್ತರ ಲೆನ್ಸ್‌ನಲ್ಲಿದೆ. ಪೂರ್ಣ ಚೌಕಟ್ಟಿನ ಸೆನ್ಸರಿನ ವಿಸ್ತಾರ ಎಪಿಎಸ್-ಸಿಗಿಂತ ಸುಮಾರು 2.3 ಪಟ್ಟು. ಹಾಗಾಗಿ ಒಂದೇ ಅಪರ್ಚರಿನಲ್ಲಿ, ಒಂದೇ ತಲೆಮಾರಿನ ಸೆನ್ಸರುಗಳ ನಡುವೆ, ಅದಕ್ಕೆ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ತುಸು ಹೆಚ್ಚಿನ ಮೇಲುಗೈ ಇರುತ್ತದೆ. ಆದರೆ ಚಿಕ್ಕದಾಗಿರಲಿ ಎಂದು ಎ7ಸಿ ಮಾರ್ಕ್ 2ಕ್ಕೆ 173 ಗ್ರಾಂ ತೂಕದ 40 ಮಿ.ಮೀ. ಎಫ್ 2.5 ಲೆನ್ಸ್ ಹಾಕಿದರೆ, ಮತ್ತು ಎ6700ಕ್ಕೆ 265 ಗ್ರಾಂ ತೂಕದ ಸಿಗ್ಮಾ 30 ಮಿ.ಮೀ. ಎಫ್ 1.4 ಹಾಕಿದರೆ, ಲೆನ್ಸ್‌ಗಳ ನಡುವಿನ ಅಂತರ ಒಂದೂ ಮುಕ್ಕಾಲು ಸ್ಟಾಪ್‌ಗೆ ಹತ್ತಿರ. ಸೆನ್ಸರ್ ಕೊಟ್ಟ ಲಾಭವನ್ನು ಲೆನ್ಸ್ ಕಿತ್ತುಕೊಂಡು, ಕೊನೆಗೆ ಚಿಕ್ಕ ಸೆನ್ಸರಿನ ಜೋಡಿಯೇ ಚೌಕಿಯಲ್ಲಿ ಅರ್ಧ ಸ್ಟಾಪ್ ಮುಂದಿರುತ್ತದೆ. ತೂಕ 687 ಗ್ರಾಂಗೆ ಎದುರಾಗಿ 758.

ಇದನ್ನು ತಿರುಗಿಸಬೇಕಾದರೆ ಎ7ಸಿ ಮಾರ್ಕ್ 2ಕ್ಕೆ 280 ಗ್ರಾಂ ತೂಕದ ಸೋನಿ 35 ಮಿ.ಮೀ. ಎಫ್ 1.8 ಹಾಕಬೇಕು. ಆಗ ಜೋಡಿಯ ತೂಕ 794 ಗ್ರಾಂ, ಬೆಳಕಿನಲ್ಲಿ ಅರ್ಧ ಸ್ಟಾಪ್ ಮೇಲುಗೈ, ಬೆಲೆಯಲ್ಲಿ ಬಹಳ ಹೆಚ್ಚು. ಚೌಕಿಯಲ್ಲಿ ಆ ಅರ್ಧ ಸ್ಟಾಪ್ ನನ್ನ ಪಾಲಿಗೆ ಅಷ್ಟು ಬೆಲೆ ಬಾಳುವುದಿಲ್ಲ, ಅದಕ್ಕೆ ಕಾರಣವೂ ಇದೆ. ಬಣ್ಣದ ವೇಷಧಾರಿ ತನ್ನ ಮುಖದ ಮೇಲೆ ಚುಟ್ಟಿ ಇಡುವುದನ್ನು ಹತ್ತಿರದಿಂದ ನೋಡಿ: ಅಕ್ಕಿಹಿಟ್ಟಿನ ಬಿಳಿ ಮುಳ್ಳುಗಳನ್ನು ಕಡ್ಡಿಯ ತುದಿಯಿಂದ ಒಂದೊಂದಾಗಿ ಎತ್ತಿ, ಕೆನ್ನೆಯ ಅಂಚಿನಿಂದ ಹಣೆಯವರೆಗೆ ಸಾಲಾಗಿ ನಿಲ್ಲಿಸುತ್ತಾ ಹೋಗುವ ಆ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಆ ಮುಳ್ಳಿನ ಸಾಲೂ ಕಡ್ಡಿ ಹಿಡಿದ ಬೆರಳೂ ಕಣ್ಣೂ ಮೂರೂ ಸ್ಪಷ್ಟವಾಗಿ ಬರಬೇಕೆಂದರೆ ಅಪರ್ಚರನ್ನು ಪೂರ್ತಿ ತೆರೆಯುವಂತಿಲ್ಲ. ದೊಡ್ಡ ಸೆನ್ಸರಿನಲ್ಲಿ ಸ್ಪಷ್ಟತೆಯ ಆಳ ಇನ್ನೂ ತೆಳ್ಳಗಾಗುತ್ತದೆ. ಅಲ್ಲಿ ನನಗೆ ಉಪಕಾರಕ್ಕೆ ಬಂದದ್ದು ನಡುಕ ತಡೆ. ಕಲಾವಿದ ಅಲುಗಾಡದೆ ಕೂತಿರುವ ಕ್ಷಣದಲ್ಲಿ ಸೆಕೆಂಡಿನ ಮೂವತ್ತನೇ ಒಂದು ಭಾಗದ ಶಟರಿನಲ್ಲೂ ಕೈಯಲ್ಲಿ ಹಿಡಿದೇ ಚಿತ್ರ ಪಡೆಯಬಹುದು. ರಂಗಸ್ಥಳದಲ್ಲಿ ಮಾತ್ರ ಇದರಿಂದ ಏನೂ ಪ್ರಯೋಜನವಿಲ್ಲ. ಪುಂಡುವೇಷದ (ತರುಣ ವೀರನ ಪಾತ್ರ) ದಿಗಿಣವನ್ನು, ಅಂದರೆ ಸುತ್ತಿ ಹಾರುವ ಕುಣಿತವನ್ನು, ಹಿಡಿಯಲು 1/500 ಅಥವಾ ಅದಕ್ಕೂ ಹೆಚ್ಚಿನ ಶಟರ್ ಬೇಕೇ ಬೇಕು, ಆ ವೇಗದಲ್ಲಿ ಕೈನಡುಕದ ಪ್ರಶ್ನೆಯೇ ಏಳುವುದಿಲ್ಲ.

ದೂರದ ಲೆನ್ಸ್ ಯಾವ ಬಾಡಿಗೆ?

ಇಲ್ಲಿಯವರೆಗೆ ಚಿಕ್ಕ ಬಾಡಿಗೆ ಚಿಕ್ಕ ಲೆನ್ಸ್, ದೊಡ್ಡ ಬಾಡಿಗೆ ದೊಡ್ಡ ಲೆನ್ಸ್ ಎಂದೇ ಭಾವಿಸಿದ್ದೆ. ಸ್ನೇಹಿತನ ಎ6700 ಒಂದು ರಾತ್ರಿ ಕೈಯಲ್ಲಿದ್ದಾಗ ಅದನ್ನು ತಲೆಕೆಳಗು ಮಾಡಿ ನೋಡಿದೆ. ಬೆಳಕು ಧಾರಾಳವಾಗಿರುವುದು ರಂಗಸ್ಥಳದಲ್ಲಿ, ದೂರವಿರುವುದೂ ಅಲ್ಲೇ. ಹಾಗಾದರೆ ಚಿಕ್ಕ ಸೆನ್ಸರನ್ನು ಅಲ್ಲಿಗೆ ತಿರುಗಿಸಿ, ಬೆಳಕು ಕಡಿಮೆಯಿರುವ ಚೌಕಿಗೆ ದೊಡ್ಡ ಸೆನ್ಸರನ್ನು ಒಯ್ಯುವುದು ನ್ಯಾಯ. ಟ್ಯಾಮ್ರಾನ್ 70-180 ಎಫ್ 2.8 ಲೆನ್ಸ್ ಎಪಿಎಸ್-ಸಿ ಮೇಲೆ 105-270ರ ನೋಟ ಕೊಡುತ್ತದೆ, ಅಪರ್ಚರ್ 2.8 ಆಗಿಯೇ ಉಳಿಯುತ್ತದೆ, 26 ಮೆಗಾಪಿಕ್ಸೆಲ್‌ಗಳೂ ಪೂರ್ತಿ ಸಿಗುತ್ತವೆ. ಅದೇ ನೋಟವನ್ನು ಎ7ಸಿ ಮಾರ್ಕ್ 2ರಿಂದ ಕತ್ತರಿಸಿ ಪಡೆದರೆ ಉಳಿಯುವುದು ಸುಮಾರು 14 ಮೆಗಾಪಿಕ್ಸೆಲ್, ಎ7 ಮಾರ್ಕ್ 3ರಿಂದಾದರೆ ಸುಮಾರು 10. ಸಭೆಯ ಹಿಂದಿನಿಂದಲೇ ಕಿರೀಟವೇಷದ ಮುಖವಷ್ಟನ್ನೇ ತುಂಬಿಸಿಕೊಳ್ಳುವ ಸಾಧ್ಯತೆ ನನಗೆ ಆ ರಾತ್ರಿ ಮೊದಲ ಬಾರಿಗೆ ಸಿಕ್ಕಿತು.

ಇದಕ್ಕೊಂದು ಬೆಲೆಯೂ ಇದೆ. 810 ಗ್ರಾಂ ಲೆನ್ಸ್ ಪುಟ್ಟ ಬಾಡಿಯನ್ನು ಮುಂದಕ್ಕೆ ಬಾಗಿಸಿ ಎಳೆಯುತ್ತದೆ. ಎಡ ಅಂಗೈಯಲ್ಲಿ ಲೆನ್ಸನ್ನೇ ಆಧಾರವಾಗಿ ಹಿಡಿದು, ಬಲಗೈ ಬಾಡಿಯನ್ನು ಕೇವಲ ನಡೆಸುವಂತೆ ಅಭ್ಯಾಸ ಮಾಡಿಕೊಳ್ಳಬೇಕು. ಪಟ್ಟಿಯನ್ನು ಬಾಡಿಗೆ ಕಟ್ಟಿ ನೇತುಹಾಕಿಕೊಂಡು ನಡೆದರೆ ಮೌಂಟಿನ ಮೇಲೆ ಭಾರ ಬೀಳುತ್ತದೆ, ನಡೆಯುವಾಗ ಲೆನ್ಸಿಗೆ ಕೈ ಕೊಟ್ಟಿರುವುದು ಒಳ್ಳೆಯದು.

ಕತ್ತಲೆಯಲ್ಲಿ ಕೈ, ದೀಪದ ಮಿಣುಕು, ಬಣ್ಣದ ಮುಖ

ಹೋಲಿಕೆಯ ಪಟ್ಟಿಗಳಲ್ಲಿ ಕಾಣದ ಮೂರು ವಿಷಯಗಳು ಕೊಳ್ಳುವ ತೀರ್ಮಾನವನ್ನೇ ಬದಲಿಸಬಲ್ಲವು.

ಮೊದಲನೆಯದು ಡಯಲ್. ಎ7 ಮಾರ್ಕ್ 3ರಲ್ಲಿ ತೋರುಬೆರಳಿಗೆ ಒಂದು ಡಯಲ್, ಹೆಬ್ಬೆರಳಿಗೆ ಒಂದು; ಕತ್ತಲೆಯಲ್ಲಿ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಎ6000 ಮತ್ತು ಎ6400ಗಳಲ್ಲಿ ಮುಂದಿನ ಡಯಲ್ ಇಲ್ಲ, ಹಾಗಾಗಿ ಬಾಡಿ ಬದಲಿಸಿದ ಪ್ರತಿ ಸಲ ಬೆರಳು ತಡವರಿಸುತ್ತದೆ. ಎ6700 ಮತ್ತು ಎ7ಸಿ ಮಾರ್ಕ್ 2ರಲ್ಲಿ ಅದು ಇದೆ. ನಾಲ್ಕರಲ್ಲಿ ಯಾವುದರಲ್ಲೂ ಫೋಕಸ್ ಬಿಂದು ಸರಿಸುವ ಜಾಯ್‌ಸ್ಟಿಕ್ ಇಲ್ಲ ಎಂಬುದು ನನಗೆ ಇಂದಿಗೂ ಇರುವ ಕೊರತೆ. ವ್ಯೂಫೈಂಡರ್ ಎಡಮೂಲೆಯಲ್ಲಿರುವುದರಿಂದ ಎಡಗಣ್ಣಿನಲ್ಲಿ ನೋಡುವವರ ಮೂಗು ಸ್ಕ್ರೀನಿಗೆ ತಾಗುತ್ತದೆ. ಅಂಥವರು ಅಂಗಡಿಯಲ್ಲಿ ಕಣ್ಣಿಗಿಟ್ಟು ನೋಡದೆ ಕೊಳ್ಳಬಾರದು.

ಎರಡನೆಯದು ದೀಪ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವುದರಿಂದ ಟ್ಯೂಬ್‌ಲೈಟುಗಳೂ ಅನೇಕ ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಸದ್ದಿಲ್ಲದ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ, ಒಂದು ಸಾಲು ಬೆಳಕಿನಲ್ಲೂ ಇನ್ನೊಂದು ಸಾಲು ಮಬ್ಬಿನಲ್ಲೂ ಸಿಕ್ಕಿ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬೀಳುತ್ತವೆ. ತಾಳಮದ್ದಳೆಯಂಥ ಕಡೆ 1/50 ಅಥವಾ 1/100ರಲ್ಲಿ ತೆಗೆದರೆ ಇದರಿಂದ ಬಹುಮಟ್ಟಿಗೆ ಪಾರಾಗಬಹುದು. ವೇಗದ ಶಟರ್ ಬೇಕಾದಾಗ ಮೆಕ್ಯಾನಿಕಲ್ ಶಟರಿಗೇ ಮರಳಬೇಕು. ಎ7ಸಿ ಮಾರ್ಕ್ 2ರಲ್ಲಿ ಶಟರಿನ ಮೊದಲ ಪರದೆ ಎಲೆಕ್ಟ್ರಾನಿಕ್ ಮಾತ್ರ, ಗರಿಷ್ಠ ವೇಗ 1/4000. ಹಗಲಿನಲ್ಲಿ ಎಫ್ 1.4 ಲೆನ್ಸ್‌ಗಳನ್ನು ಪೂರ್ತಿ ತೆರೆದು ತೆಗೆಯುವವರಿಗೆ ಇದು ಮಿತಿಯಾಗುತ್ತದೆ. ಆಟ ಶುರುವಾಗುವ ಮೊದಲು, ರಂಗಸ್ಥಳದ ಬಿಳಿ ಬಟ್ಟೆಯೊಂದನ್ನು ಸದ್ದಿಲ್ಲದ ಶಟರಿನಲ್ಲಿ 1/250ಕ್ಕೆ ಒಮ್ಮೆ ತೆಗೆದು ನೋಡಿದರೆ ಆ ರಾತ್ರಿಯ ದೀಪಗಳ ಗುಣ ತಿಳಿದುಬಿಡುತ್ತದೆ.

ಮೂರನೆಯದು ನಮ್ಮ ಕಲೆಗೇ ಸೇರಿದ್ದು. ಹೊಸ ಬಾಡಿಗಳು ಮುಖವನ್ನಷ್ಟೇ ಅಲ್ಲ, ತಲೆ ಭುಜಗಳ ಭಂಗಿಯನ್ನೂ ನೋಡಿ ಮನುಷ್ಯನನ್ನು ಗುರುತಿಸುತ್ತವೆ. ಸ್ತ್ರೀವೇಷ, ಪುಂಡುವೇಷಗಳ ಕಣ್ಣನ್ನು ಎ6700 ತಪ್ಪದೆ ಹಿಡಿಯುತ್ತದೆ. ಆದರೆ ಚುಟ್ಟಿ ತುಂಬಿದ ಬಣ್ಣದ ವೇಷ ರಂಗದಲ್ಲಿದ್ದಾಗ, ಪಕ್ಕದಲ್ಲಿ ಸಾದಾ ಮುಖದ ಪಾತ್ರವೊಂದು ಬಂದು ನಿಂತರೆ ಫೋಕಸ್ ಅತ್ತ ಜಿಗಿಯುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಹೊತ್ತಿಗೆ ಗುರುತಿಸುವಿಕೆಯನ್ನು ನಿಲ್ಲಿಸಿ, ಚಿಕ್ಕ ಬಿಂದುವನ್ನು ಕಿರೀಟದ ಕೆಳಗಿಟ್ಟು ಹಿಂಬಾಲಿಸುವುದೇ ಉತ್ತಮ. ಆ ಅದಲುಬದಲಿಗೆ ಒಂದು ಬಟನ್ ಮೀಸಲಿಟ್ಟಿದ್ದೇನೆ.

ಬೇರೆ ಮೌಂಟಿನವರಿಗೆ

ಮುಖ್ಯ ಬಾಡಿ ಯಾವ ಕಂಪನಿಯದೋ ಎರಡನೆಯದೂ ಅದೇ ಆಗಿರಲಿ ಎಂಬುದು ನನ್ನ ಸಲಹೆ. ಫ್ಯೂಜಿಫಿಲ್ಮ್ ಬಣ್ಣಗಳು ಚೆಂದ ಎಂದು ಅನೇಕರು ಅತ್ತ ಮನಸ್ಸು ಮಾಡುತ್ತಾರೆ. ಎಕ್ಸ್-ಟಿ50, ಎಕ್ಸ್-ಎಸ್20 ಎರಡರಲ್ಲೂ ನಡುಕ ತಡೆಯಿದೆ. ಮೊದಲನೆಯದಕ್ಕೆ 40 ಮೆಗಾಪಿಕ್ಸೆಲ್ ಸೆನ್ಸರ್, ಎರಡನೆಯದಕ್ಕೆ ದೊಡ್ಡ ಬ್ಯಾಟರಿ. ಆದರೆ ಮುಖ್ಯ ಬಾಡಿ ಸೋನಿಯದಾಗಿದ್ದರೆ ಲೆನ್ಸ್, ಬ್ಯಾಟರಿ, ಫ್ಲಾಶ್ ಎಲ್ಲವೂ ಎರಡು ಸಂಸಾರವಾಗುತ್ತವೆ. ಬೇರೆ ಸಂಸಾರವೇ ಬೇಕೆಂದರೆ, ಲೆನ್ಸ್ ಬದಲಿಸುವ ಗೋಜೇ ಇಲ್ಲದ ಎಕ್ಸ್100ವಿಐ ನನಗೆ ಹೆಚ್ಚು ಸರಿಯೆನಿಸುತ್ತದೆ. ಲೆನ್ಸಿನೊಳಗೇ ಇರುವ ಅದರ ಶಟರ್ ಬಹುತೇಕ ಸದ್ದಿಲ್ಲದ್ದು, ಮಿಣುಕುವ ದೀಪದ ಕೆಳಗೂ ಅಡ್ಡ ಪಟ್ಟೆ ಬೀಳಿಸುವುದಿಲ್ಲ.

ನಿಕಾನ್ ಡಿಎಸ್ಎಲ್ಆರ್ ಇರುವವರು 2024ರ ಕೊನೆಯಲ್ಲಿ ಬಂದ ಝಡ್50 ಮಾರ್ಕ್ 2ನ್ನು ನೋಡಬಹುದು. ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಒಳಗೇ ಮೋಟಾರಿರುವ ಎಎಫ್-ಎಸ್ ಲೆನ್ಸ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ. ನಮ್ಮ ಅನೇಕ ಸ್ಟುಡಿಯೊಗಳಲ್ಲಿ ಇನ್ನೂ ಇರುವ ಹಳೆಯ ಎಎಫ್-ಡಿ ಲೆನ್ಸ್‌ಗಳು ಮಾತ್ರ ಅದರ ಮೇಲೆ ತಾವಾಗಿ ಫೋಕಸ್ ಆಗುವುದಿಲ್ಲ, ಯಾಕೆಂದರೆ ಅವುಗಳಿಗೆ ಬಾಡಿಯೊಳಗಿನ ಮೋಟಾರು ಬೇಕು, ಅಡಾಪ್ಟರಿನಲ್ಲಿ ಅದಿಲ್ಲ. ಕೆನಾನ್‌ನವರಿಗೆ ಆರ್50, ಆರ್10 ಹಗುರ. ಎರಡು ಕಾರ್ಡ್ ಕಿಂಡಿ ಬೇಕಾದವರಿಗೆ 612 ಗ್ರಾಂ ತೂಗುವ ಆರ್7 ಇದೆ. ಹಳೆಯ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಇವುಗಳಿಗೆ ಒಗ್ಗುತ್ತವೆ, ಎಂ50ಯಂಥ ಬಾಡಿಗಳ ಇಎಫ್-ಎಂ ಲೆನ್ಸ್‌ಗಳು ಒಗ್ಗುವುದಿಲ್ಲ. ಅಗ್ಗಕ್ಕೆ ಸಿಗುವ ಎಂ ಸರಣಿಯ ಬಾಡಿಗಳಿಗೆ ಈಗ ಹೊಸದಾಗಿ ಕೈ ಹಾಕದಿರುವುದೇ ಕ್ಷೇಮ.

ಕೊಳ್ಳುವಾಗ, ಕೊಂಡ ಮೇಲೆ

ನಾನು ಕೊನೆಗೆ ಎ6700 ತೆಗೆದುಕೊಂಡೆ. ದೂರದ ಲೆನ್ಸಿಗೆ ಸಿಕ್ಕ ಹೆಚ್ಚುವರಿ ಕೈಚಾಚು, ಒಂದೇ ಬ್ಯಾಟರಿ, ಈಗಾಗಲೇ ಇದ್ದ ಎಫ್ 1.4 ಲೆನ್ಸ್ ಈ ಮೂರೂ ಅದರ ಕಡೆಗಿದ್ದವು. ನಿಮ್ಮ ಬಳಿ ಎಪಿಎಸ್-ಸಿ ಲೆನ್ಸ್ ಒಂದೂ ಇಲ್ಲದೆ, ಪೂರ್ಣ ಚೌಕಟ್ಟಿನ ಎರಡು ಮೂರು ಪ್ರೈಮ್ (ಜೂಮ್ ಇಲ್ಲದ) ಲೆನ್ಸ್‌ಗಳಿದ್ದು, ದೂರದ ಕೆಲಸ ಕಡಿಮೆಯಿದ್ದರೆ ಎ7ಸಿ ಮಾರ್ಕ್ 2 ನಿಮಗೆ ಹೆಚ್ಚು ಹೊಂದುತ್ತದೆ. ಯಾವ ಲೆನ್ಸ್ ಯಾವ ಬಾಡಿಗೆ ಹಾಕಿದರೂ ನೋಟ ಬದಲಾಗದಿರುವುದು ಮದುವೆಯ ಗಡಿಬಿಡಿಯಲ್ಲಿ ದೊಡ್ಡ ನೆಮ್ಮದಿ. ಹಣ ಈಗ ಹೊಂದದಿದ್ದರೆ ಹಳೆಯ ಬಾಡಿಯಲ್ಲೇ ಇನ್ನೊಂದು ವರ್ಷ ತಳ್ಳಿ. ಎ6400ಕ್ಕೆ ಅರ್ಧ ಹಣ ಹಾಕಿ ಎರಡು ವರ್ಷದಲ್ಲಿ ಮತ್ತೆ ಬದಲಿಸುವುದಕ್ಕಿಂತ ಅದು ಮೇಲು.

ಬಿಲ್ಲಿಲ್ಲದೆ ಹೊರದೇಶದಿಂದ ಬಂದ ಬಾಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದಕ್ಕೆ ಇಲ್ಲಿನ ವಾರಂಟಿ ಇರುವುದಿಲ್ಲ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೊದವರಿಗೆ ಬಿಲ್ಲಿನಿಂದ ಇನ್‌ಪುಟ್ ಕ್ರೆಡಿಟ್ ಕೂಡ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಎಫ್ 16ರಲ್ಲಿ ಬಿಳಿ ಗೋಡೆಯನ್ನು ತೆಗೆದು ಸೆನ್ಸರಿನ ಕಲೆ ನೋಡಿ, ಲೆನ್ಸ್ ಮುಚ್ಚಿ ದೀರ್ಘ ಶಟರಿನಲ್ಲಿ ಒಂದು ಚಿತ್ರ ತೆಗೆದು ಹೊಳೆಯುವ ಪಿಕ್ಸೆಲ್‌ಗಳನ್ನು ಹುಡುಕಿ, ಲೆನ್ಸಿನ ಹಿಂಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಜೇಡರಬಲೆಯಂಥ ಫಂಗಸ್ ಇದೆಯೇ ನೋಡಿ. ಕರಾವಳಿಯ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ. ಆಟಗಳಿಲ್ಲದ ತಿಂಗಳುಗಳಲ್ಲಿ ನಾನು ಎರಡೂ ಬಾಡಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ಪತ್ತನಾಜೆ (ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಹದಿನೈದು ದಿನಕ್ಕೊಮ್ಮೆ ತೆಗೆದು ಬೆಳಕಿಗಿಡುತ್ತೇನೆ.

ಎರಡು ಬಾಡಿ ಒಟ್ಟಿಗೆ ಬಳಸತೊಡಗಿದ ಮೊದಲ ದಿನವೇ ಎರಡರ ಗಡಿಯಾರವನ್ನೂ ಸೆಕೆಂಡ್ ಸಮೇತ ಸರಿಹೊಂದಿಸಿ. ಇಲ್ಲವಾದರೆ ಸಾವಿರಾರು ಚಿತ್ರಗಳನ್ನು ಪ್ರಸಂಗದ ಕ್ರಮದಲ್ಲಿ ಜೋಡಿಸಲು ಒಂದು ದಿನ ಹಿಡಿಯುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಎರಡರಲ್ಲೂ ಒಂದೇ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಂಕಿಗೆ ಕಟ್ಟಿಹಾಕಿ. ಎ7 ಮಾರ್ಕ್ 3ರ ಜೆಪೆಗ್ ಬಣ್ಣಗಳೂ ಎ6700ರ ಬಣ್ಣಗಳೂ ಬೇರೆ ಬೇರೆ ತಲೆಮಾರಿನವು. ಒಂದೇ ಮುಖದ ಕೆಂಪು ಒಂದರಲ್ಲಿ ಕುಂಕುಮದಂತೆ, ಇನ್ನೊಂದರಲ್ಲಿ ಇಟ್ಟಿಗೆಯಂತೆ ಬರಬಾರದೆಂದರೆ ರಾ ಫೈಲಿನಲ್ಲೇ ತೆಗೆದು, ಚೌಕಿಯಲ್ಲಿ ಆಟಕ್ಕೆ ಮುನ್ನ ಎರಡೂ ಬಾಡಿಗಳಿಂದ ಬೂದು ಕಾರ್ಡಿನ ಒಂದೊಂದು ಚಿತ್ರ ಹಿಡಿದಿಟ್ಟುಕೊಳ್ಳಿ.